ಉಲ್ಟಾ ಹೋದ ಕೇಬಲ್

ನಮ್ಮ ಹಳೆ ಪ್ರೊಜೆಕ್ಟರ್ ಒಂದೇ ದಿನಕ್ಕೆ ಕೆಡಲಿಲ್ಲ. ದಿನದಿನಕ್ಕೆ ಮಂಕಾಗುತ್ತಾ ಹೋಯಿತು. ರಾತ್ರಿ ಸೀನ್ ಬಂದರೆ ಪರದೆ ಮೇಲೆ ಯಾರು ನಿಂತಿದ್ದಾರೆ ಅಂತ ಪಕ್ಕದವರನ್ನು ಕೇಳಬೇಕಿತ್ತು. ಮೆನು ತೆಗೆದು ನೋಡಿದೆ, ಲ್ಯಾಂಪ್ 4,300 ಗಂಟೆ ಉರಿದಿತ್ತು. ಬೇರೆ ಲ್ಯಾಂಪ್ ಹಾಕಿಸಬಹುದಿತ್ತು. ಆದರೆ ಅದರ ರೆಸಲ್ಯೂಶನ್ನೇ 1280×800 ಪಿಕ್ಸೆಲ್, ಅಂದರೆ ಚಿತ್ರ ಕೂಡಿಸೋ ಚುಕ್ಕಿಗಳು ಅಷ್ಟೇ. ಮುದಿ ಎತ್ತಿಗೆ ಹೊಸ ಲಾಳ ಯಾಕೆ ಅಂತ ಬಿಟ್ಟು, ಹೊಸ ಪ್ರೊಜೆಕ್ಟರನ್ನೇ ತರೋಣ ಅಂತ ಹೊರಟೆ.

ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಸಿನಿಮಾ ನೋಡೋ ಮಹಡಿ ಮೇಲಿನ ರೂಮು 15 ಅಡಿ ಉದ್ದ, 11 ಅಡಿ ಅಗಲ. ಪರದೆ 100 ಇಂಚು. ಅದು ಮೂಲೆಯಿಂದ ಮೂಲೆಗೆ ಅಳತೆ, ಅಗಲ ಬರೋದು ಸುಮಾರು 7 ಅಡಿ 3 ಇಂಚು. ದುಡ್ಡು ಕೊಡೋ ಮುಂಚೆ ಟೇಪ್ ಹಿಡಿದೆ. ನನಗೆ ಹಿಡಿಸಿದ ಪ್ರೊಜೆಕ್ಟರಿನ ಥ್ರೋ ರೇಶಿಯೋ 1.2ರಿಂದ 1.5. ಅಂದರೆ ಪರದೆಯ ಅಗಲದ 1.2ರಿಂದ 1.5 ಪಟ್ಟು ದೂರದಲ್ಲಿ ಇಡಬೇಕು. ನಮ್ಮ ಲೆಕ್ಕಕ್ಕೆ ಎಂಟೂಮುಕ್ಕಾಲು ಅಡಿಯಿಂದ ಹನ್ನೊಂದು ಅಡಿಯೊಳಗೆ. ಫ್ಯಾನಿಗೆ ತಾಗದ ಹಾಗೆ ಹತ್ತೂವರೆ ಅಡಿಗೆ ಸೀಲಿಂಗ್‌ನಲ್ಲಿ ಗುರುತು ಹಾಕಿದೆ.

ಆನ್‌ಲೈನಿನಲ್ಲಿ ಎಂಟು ಸಾವಿರಕ್ಕೂ 4ಕೆ (3840×2160 ಪಿಕ್ಸೆಲ್) ಪ್ರೊಜೆಕ್ಟರ್ ಸಿಗುತ್ತೆ ಅಂತ ತಮ್ಮ ತೋರಿಸಿದ. ಕೆಳಗೆ ಓದಿದರೆ '4ಕೆ ಸಪೋರ್ಟ್' ಅಂತಿತ್ತು. ಸಪೋರ್ಟ್ ಅಂದರೆ 4ಕೆ ಫೈಲ್ ಕೊಟ್ಟರೆ ಬೇಡ ಅನ್ನಲ್ಲ, ಅಷ್ಟೇ. ಪರದೆ ಮೇಲೆ ಬೀಳೋದು 720ಪಿ, ಅಂದರೆ 1280×720. ನೇಟಿವ್ ರೆಸಲ್ಯೂಶನ್ (ಒಳಗೆ ನಿಜಕ್ಕೂ ಇರೋ ಪಿಕ್ಸೆಲ್) ಎಷ್ಟು, ಆನ್ಸಿ ಲ್ಯುಮೆನ್ಸ್ (ಬೆಳಕಿನ ಅಳತೆ) ಎಷ್ಟು, ಇವೆರಡನ್ನು ಮಾತ್ರ ನಂಬಿ. ನಾನು ತಂದದ್ದು ಲೇಸರ್ ಡಿಎಲ್‌ಪಿ: ಲ್ಯಾಂಪಿನ ಬದಲು ಲೇಸರ್ ಬೆಳಕು, ಚಿಪ್ಪಿನ ಮೇಲಿನ ಪುಟ್ಟ ಕನ್ನಡಿಗಳಿಂದ ಚಿತ್ರ. ಇದರ ಚಿಪ್ಪಿನಲ್ಲೂ ಇರೋದು 1920×1080 ಕನ್ನಡಿಗಳೇ. ಚಿತ್ರವನ್ನು ನಾಲ್ಕು ಜಾಗಕ್ಕೆ ಚೂರುಚೂರೇ ಸರಿಸಿ 83 ಲಕ್ಷ ಪಿಕ್ಸೆಲ್ ಮಾಡುತ್ತೆ. ಕಣ್ಣಿಗೆ ಗೊತ್ತಾಗಲ್ಲ. ಲ್ಯಾಂಪ್ ಬದಲಿಸೋ ತಲೆನೋವೂ ಇಲ್ಲ.

ಇಲ್ಲಿಂದ ಶುರುವಾಯಿತು ಕೇಬಲ್ ರಾಮಾಯಣ.

ಗೋಡೆಯೊಳಗಿನ ಪೈಪಿನಲ್ಲಿ 15 ಮೀಟರಿನ ಹಳೆ ಎಚ್‌ಡಿಎಂಐ ಕೇಬಲ್ ಇತ್ತು, ಸಿನಿಮಾ ಓಡಿಸೋ ಪ್ಲೇಯರಿನಿಂದ ಪ್ರೊಜೆಕ್ಟರಿಗೆ ಚಿತ್ರ ಒಯ್ಯೋದು. ತಾಮ್ರದ್ದು. 1080ಪಿ (1920×1080) ವರೆಗೆ ಯಾವ ತಕರಾರೂ ಮಾಡಿರಲಿಲ್ಲ. 4ಕೆ 60ಕ್ಕೆ, ಅಂದರೆ ಸೆಕೆಂಡಿಗೆ 60 ಸಲ 4ಕೆ ಚಿತ್ರಕ್ಕೆ, ಹಾಕಿದ ತಕ್ಷಣ ಚಿತ್ರ ಮಿಣಕ್ ಮಿಣಕ್ ಅಂದು ಕಪ್ಪಾಯಿತು. ಅದಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಹಾಯಬೇಕು. ಅಷ್ಟುದ್ದದ ಮಾಮೂಲಿ ತಾಮ್ರದ ಕೇಬಲಿನಲ್ಲಿ ಅದು ಆಗದ ಮಾತು. ಫೈಬರ್ ಎಚ್‌ಡಿಎಂಐ ತರಿಸಿದೆ. ಪುಣ್ಯಕ್ಕೆ ಪೈಪು ಒಂದೂವರೆ ಇಂಚಿನದು, ಪ್ಲಗ್ ತೂರುತ್ತಿತ್ತು. ಎಲೆಕ್ಟ್ರಿಷಿಯನ್ ಹುಡುಗ ಹಳೆ ಕೇಬಲಿನ ತುದಿಗೆ ಹೊಸದನ್ನು ಕಟ್ಟಿ, ಮಡಚಿಕೊಳ್ಳದ ಹಾಗೆ ನಿಧಾನಕ್ಕೆ ಎಳೆದ. ಒಂದು ಗಂಟೆ ಹಿಡಿಯಿತು. ಎರಡೂ ಕಡೆ ಚುಚ್ಚಿ ಆನ್ ಮಾಡಿದರೆ ನೋ ಸಿಗ್ನಲ್.

ಕೇಬಲೇ ಕೆಟ್ಟಿದೆ ಅಂತ ವಾಪಸ್ ಕಳಿಸೋ ಯೋಚನೆಯಲ್ಲಿದ್ದೆ. ಪ್ಲಗ್ಗನ್ನು ಮೊಬೈಲ್ ಟಾರ್ಚಿಗೆ ಹಿಡಿದಾಗ ಎಳ್ಳಿನಷ್ಟು ಸಣ್ಣ ಅಕ್ಷರ ಕಂಡಿತು. ಪ್ಲೇಯರ್ ಕಡೆಗೆ 'ಡಿಸ್‌ಪ್ಲೇ', ಪ್ರೊಜೆಕ್ಟರ್ ಕಡೆಗೆ 'ಸೋರ್ಸ್' (ಚಿತ್ರ ಹೊರಡೋ ಕಡೆ). ಅಂದರೆ ಪೂರ್ತಿ ಉಲ್ಟಾ. ಫೈಬರ್ ಕೇಬಲಿನ ಒಂದು ತುದಿ ಕರೆಂಟನ್ನು ಬೆಳಕು ಮಾಡುತ್ತೆ, ಇನ್ನೊಂದು ತುದಿ ಬೆಳಕನ್ನು ಮತ್ತೆ ಕರೆಂಟ್ ಮಾಡುತ್ತೆ. ತಿರುಗಿಸಿದರೆ ಕೆಲಸ ಮಾಡಲ್ಲ.

"ಎರಡೂ ಕಡೆ ಒಂದೇ ಥರ ಐತಲ್ರಿ ಸಾರ್, ಏನ್ ಉಲ್ಟಾ ಏನ್ ಸೀದಾ?" ಅಂದ ಹುಡುಗ. ಅವನದೇನು ತಪ್ಪು, ಡಬ್ಬಿ ಒಡೆದವನು ನಾನು. ಮಿರ್ಚಿ ಮಂಡಕ್ಕಿ ತರಿಸಿ, ತಿಂದು, ಮತ್ತೆ ಎಳೆದೆವು. ಈಗ ಯಾರು ಕೇಳಿದರೂ ಹೇಳೋದು ಒಂದೇ: ಗೋಡೆಗೆ ತೂರಿಸೋ ಮುಂಚೆ ನೆಲದ ಮೇಲೆ ಹಾಸಿ, ಚಿತ್ರ ಬರುತ್ತಾ ನೋಡಿ.

ಬಣ್ಣದ ವಿಷಯಕ್ಕೆ ಅವ್ವನ ಜೊತೆ ಜಗಳವೇ ಆಯಿತು. ರೂಮಿನ ಗೋಡೆ ಕೆನೆ ಬಣ್ಣದ್ದು. ಪರದೆಯ ಬೆಳಕು ಗೋಡೆಗೆ ಬಡಿದು ಪರದೆಗೇ ವಾಪಸ್ ಬರುತ್ತೆ, ಚಿತ್ರದಲ್ಲಿನ ಕಪ್ಪು ಬೂದು ಬಣ್ಣವಾಗುತ್ತೆ. "ಮನೆಯೊಳಗೆ ಯಾರಾರ ಕರೇ ಬಣ್ಣ ಹೊಡಿಸ್ತಾರೇನೋ?" ಅಂದಳು ಅವ್ವ. ಕೊನೆಗೆ ಪರದೆ ಇರೋ ಗೋಡೆಗೂ ಅಕ್ಕಪಕ್ಕಕ್ಕೂ ಹೊಳಪಿಲ್ಲದ ಕಡುನೀಲಿಗೆ ರಾಜಿಯಾಯಿತು. ಪ್ರೊಜೆಕ್ಟರಿಗೆ ಸುರಿದ ದುಡ್ಡಿನ ಮುಂದೆ ಈ ಬಣ್ಣದ ಖರ್ಚು ಏನೂ ಅಲ್ಲ. ಆದರೆ ಮನೆಗೆ ಬಂದವರೆಲ್ಲ ಮೊದಲು ಹೊಗಳೋದು ಪರದೆ ಮೇಲಿನ ಕಪ್ಪನ್ನೇ.

ಪ್ಲೇಯರ್‌ಗೆ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಅದರಲ್ಲಿ ಲಿಬ್ರೆಎಲೆಕ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿ, ಸಿನಿಮಾ ಓಡಿಸೋ ಸಾಫ್ಟ್‌ವೇರ್ ಕೋಡಿ. ಹಾರ್ಡ್ ಡಿಸ್ಕಿನಲ್ಲಿರೋ ಸಿನಿಮಾಗಳಿಗೆ ಇದು, ಓಟಿಟಿಗೆ ಬೇರೆ ಸ್ಟಿಕ್. ಪೈನಲ್ಲಿ ಎರಡು ಮೈಕ್ರೋ ಎಚ್‌ಡಿಎಂಐ ಇವೆ. 4ಕೆ 60 ಬರೋದು ಪವರ್ ಚುಚ್ಚೋ ಜಾಗದ ಪಕ್ಕದ್ದರಲ್ಲಿ ಮಾತ್ರ. ಕೇಬಲಿನದು ದೊಡ್ಡ ಪ್ಲಗ್, ಹಾಗಾಗಿ ನಡುವೆ ಒಂದು ಅಡಾಪ್ಟರ್ ಬೇಕಾಯಿತು.

ಇಷ್ಟಾದರೂ ಏನೋ ಒಂದು ಸರಿ ಇರಲಿಲ್ಲ. ಕ್ಯಾಮೆರಾ ಎಡದಿಂದ ಬಲಕ್ಕೆ ತಿರುಗುವಾಗ ಕಂಬ, ಮರಗಳು ಸಣ್ಣಗೆ ಎಗರುತ್ತಾ ಹೋಗುತ್ತಿದ್ದವು. ಗುಂಡಿ ಬಿದ್ದ ರೋಡಲ್ಲಿ ಬೈಕ್ ಓಡಿಸಿದ ಹಾಗೆ. ಕಾರಣ ಸರಳ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಪ್ರೊಜೆಕ್ಟರ್ ಓಡುತ್ತಿದ್ದದ್ದು 60ರಲ್ಲಿ. ಸಮಕ್ಕೆ ಹಂಚೋಕೆ ಆಗಲ್ಲ ಅಲ್ವಾ? ಅದಕ್ಕೇ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ತೋರಿಸುತ್ತೆ. ಆ ಏರುಪೇರೇ ಈ ಕುಲುಕಾಟ. ಕೋಡಿಯ ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಅಂತಿದೆ. ಅದನ್ನು 'ಆನ್ ಸ್ಟಾರ್ಟ್/ಸ್ಟಾಪ್' ಮಾಡಿದೆ. ಸಿನಿಮಾ ಶುರುವಾದಾಗ ಪ್ರೊಜೆಕ್ಟರ್ ಕೂಡ 24ಕ್ಕೆ ಬರುತ್ತೆ, ಮುಗಿದಾಗ ಮತ್ತೆ 60ಕ್ಕೆ. ಅದೇ ಸೀನ್ ಮತ್ತೆ ಹಾಕಿದರೆ ಕಂಬಗಳು ನೀರಿನಲ್ಲಿ ತೇಲಿದ ಹಾಗೆ ಸರಿದವು. ಸುಮ್ನೆ ಮೂರು ಸಲ ಹಿಂದೆ ಮುಂದೆ ಓಡಿಸಿ ನೋಡಿದೆ.

ಒಂದೇ ತೊಂದರೆ. ರೇಟ್ ಬದಲಾಗುವಾಗ ಪರದೆ ಎರಡು ಮೂರು ಸೆಕೆಂಡ್ ಕಪ್ಪಾಗುತ್ತೆ. ಕರೆಂಟ್ ಹೋದರೂ ಇರಲಿ ಅಂತ ಯುಪಿಎಸ್ ಹಾಕಿದ್ದೇನೆ, ಅದನ್ನು ಅವ್ವನಿಗೆ ಹತ್ತು ಸಲ ಹೇಳಿಯೂ ಆಗಿದೆ. ಆದರೂ ಪ್ರತಿ ಸಿನಿಮಾದ ಶುರುವಿಗೆ ಒಂದು, ಮುಗಿದಾಗ ಒಂದು, ಕತ್ತಲಲ್ಲಿ ಅವಳ ದನಿ ಬರುತ್ತೆ: "ಕರೆಂಟ್ ಹೋತೇನೋ?"