ಮರಳು ಕಚ್ಚುತ್ತಿದ್ದ ಪಂಪನ್ನು ಹೊರತಿರುವಿಗೆ ಸಾಗಿಸಿದ ಕಥೆ

ತೀರ್ಥಹಳ್ಳಿಯಿಂದ ಸ್ವಲ್ಪ ಕೆಳಗೆ, ತುಂಗೆಯ ದಂಡೆಗೆ ಉದ್ದಕ್ಕೆ ಹಬ್ಬಿಕೊಂಡ 2 ಎಕರೆ ಅಡಿಕೆ ತೋಟ ನಮ್ಮದು. ಪಂಪು ಅಪ್ಪನ ಕಾಲದಿಂದಲೂ ಮೇಲ್ತುದಿಯಲ್ಲಿತ್ತು. ಅಲ್ಲಿ ದಂಡೆ ಇಳಿಜಾರು, ಸಲೀಸಾಗಿ ನೀರಿಗಿಳಿಯಬಹುದು. ಆದರೆ ಅದು ಹೊಳೆಯ ಒಳತಿರುವು, ಅಂದರೆ ಹೊಳೆ ಬಾಗುವಾಗ ನೀರು ನಿಧಾನವಾಗುವ ಒಳಬದಿ. ಫೆಬ್ರವರಿ ಬಂತೆಂದರೆ ನೀರು ದೂರ ಸರಿದು, ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಮರಳಲ್ಲಿ ಹೂತುಹೋಗುತ್ತಿತ್ತು. 3 ಬೇಸಿಗೆಯಲ್ಲಿ 2 ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆದವು. ಗುಂಡಿ ತೋಡಿಸಿದೆ, ಎಂಟೇ ದಿನಕ್ಕೆ ಮುಚ್ಚಿತು. ಮರಳು ತಡೆಯಲೆಂದು ಚೀಲ ಅಡ್ಡ ಇಟ್ಟರೆ ಅದರ ಹಿಂದೆ ಇನ್ನೂ ಜಾಸ್ತಿ ಕೂತಿತು. ನೀರು ನಿಂತ ಕಡೆ ಮರಳು ಕೂರದೆ ಇನ್ನೇನು ಮಾಡುತ್ತದೆ, ಅಲ್ವಾ? ಹೀಗೇ 30 ಸಾವಿರದ ಹತ್ತಿರ ಹೊಳೆಗೆ ಸುರಿದೆ.

ಕೊನೆಗೆ ಬಿದಿರು ಗಳ ಹಿಡಿದು ತೆಪ್ಪದಲ್ಲಿ ಆಳ ನೋಡುತ್ತಾ ಹೋದೆ. ಒಳತಿರುವಿನಲ್ಲಿ ಮೊಣಕಾಲುದ್ದ ನೀರು. ಕೆಳತುದಿಯಲ್ಲಿ ಹೊಳೆ ಮತ್ತೊಂದು ಕಡೆಗೆ ಹೊರಳುತ್ತದೆ, ಅಲ್ಲಿ ನಮ್ಮದು ಹೊರದಂಡೆ. ಸೆಳವು ಬಂದು ಬಡಿಯುವ ಜಾಗ, ದಂಡೆ ಗೋಡೆಯ ಹಾಗೆ, ಏಪ್ರಿಲ್‌ನಲ್ಲೂ 9-10 ಅಡಿ ಮಡು. ಅತಿ ಆಳ ಸಿಕ್ಕಿದ್ದು ತಿರುವಿನ ನಟ್ಟನಡುವೆ ಅಲ್ಲ, ಅದಕ್ಕಿಂತ ಒಂಚೂರು ಕೆಳಗೆ.

"ದಂಡೆ ಕುಸೀತದೆ ಮಾರಾಯ, ಮಳೆಗಾಲಕ್ಕೆ ಪಂಪು ಹೊಳೆ ಪಾಲು" ಎಂದರು ಊರವರು. ಸುಳ್ಳಲ್ಲ. ಹಾಗಂತ ದಂಡೆಯ ಮೇಲಿಟ್ಟರೆ ಸಕ್ಷನ್, ಅಂದರೆ ಪಂಪು ಕೆಳಗಿಂದ ನೀರೆಳೆಯಬೇಕಾದ ಎತ್ತರ, 25 ಅಡಿ ದಾಟುತ್ತದೆ, ನೀರು ಏಳೋದೇ ಇಲ್ಲ. ಹೊಂಗೆಯ ಬೇರು ಮಣ್ಣು ಹಿಡಿದಿರುವ ಕಡೆ ಅರ್ಧದವರೆಗೆ ಮೆಟ್ಟಿಲು ಕಡಿಸಿ ಅಲ್ಲಿ ಕೂರಿಸಿದೆ. ಮೃಗಶಿರ ಮಳೆಗೆ ಮೊದಲೇ ಮೇಲೆತ್ತಿಬಿಡುತ್ತೇನೆ. ಫುಟ್‌ವಾಲ್ವ್ ತಳ ಮುಟ್ಟದ ಹಾಗೆ ಹೇಗೆ ತೂಗಿಬಿಟ್ಟೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೊಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಪೈಪು, ಕೂಲಿ ಎಲ್ಲ ಸೇರಿ 18 ಸಾವಿರ ಆಗಿರಬೇಕು. 2 ಬೇಸಿಗೆ ಕಳೆಯಿತು, ಪಂಪು ಬಿಚ್ಚಿಲ್ಲ. ಅವತ್ತು ನಕ್ಕವರಲ್ಲಿ ಇಬ್ಬರು ಈಗ ಗಳ ಕೇಳಿಕೊಂಡು ಬಂದಿದ್ದಾರೆ.

ಈ ಹುಚ್ಚಿನಲ್ಲೇ ದೀಪಾವಳಿ ಹೊತ್ತಿಗೆ ಸೆಳವನ್ನೂ ಅಳೆದೆ. ಸಿಪ್ಪೆ ಸಮೇತ ತೆಂಗಿನಕಾಯಿ ನೀರಿಗೆ ಬಿಟ್ಟು, 60 ಅಡಿಗೆ ಎಷ್ಟು ಸೆಕೆಂಡು ಅಂತ. ಮನೆ ಹಿಂದಿನ ಹಳ್ಳ ಭೋರ್ ಅನ್ನುತ್ತದೆ, ಆದರೆ ಕಾಯಿ ಬಂಡೆಗೆ ಬಡಿದು, ಗುಂಡಿಯಲ್ಲಿ ಗಿರಗಿರ ಸುತ್ತಿ, 50 ಸೆಕೆಂಡು ತಗೊಂಡಿತು. ಸುಮ್ನೆ ಮಲಗಿದ ಹಾಗಿದ್ದ ತುಂಗೆಯಲ್ಲಿ 30ರ ಹತ್ತಿರ! ಮೇಲಿನ ನೀರೇ ಜೋರು, ತಳದ್ದು ನಿಧಾನ ಅಂತ ಹೊಳೆಯ ಲೆಕ್ಕದಲ್ಲಿ ಐದರಲ್ಲೊಂದು ಪಾಲು ಕಳೆದರೂ ಹೊಳೆಯೇ ಮುಂದೆ. ಹಳ್ಳದ ಜೋರೆಲ್ಲ ಕಲ್ಲಿಗೆ ಗುದ್ದುವುದರಲ್ಲೇ ಮುಗಿಯುತ್ತದೆ. ಕೂಡ್ಲಿಯಲ್ಲಿ ಭದ್ರೆ ಸೇರಿದ ಮೇಲೆ ಹೇಗಿರುತ್ತದೆ ನೋಡೋಣ ಅಂತ ಹೊರಟಿದ್ದೆ, ಮನೆಯವಳು ಇನ್ನು ಕಾಯಿ ಕೊಡಲ್ಲ ಅಂದಳು.