ಮನೆತನದ ಫರ್ನಿಚರ್ ಅಂಗಡಿಯ ಇತಿಹಾಸ: ಖಾತೆ ಪುಸ್ತಕದಿಂದ, ಮರದಿಂದ ಬರೆದ ಬಗೆ

ಬೆಳೆಯುತ್ತಿರುವ ಹಳ್ಳಿಯೊಂದರಲ್ಲಿ ಮೂರು ತಲೆಮಾರು ನಡೆದ ಫರ್ನಿಚರ್ ಅಂಗಡಿಯ ಇತಿಹಾಸ ಬರೆಯಲು ಹೊರಟರೆ ಎಲ್ಲರೂ ಮೊದಲು ಹಿರಿಯರ ಎದುರು ಕೂರುತ್ತಾರೆ. ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಲೆಕ್ಕದ ಪುಸ್ತಕ, ನಂತರ ಅಂಗಡಿಯಲ್ಲಿ ತಯಾರಾದ ಸಾಮಾನು, ಆಮೇಲೆ ಮಾತು. ಮಾತನ್ನು ಮೊದಲು ಕೇಳಿಬಿಟ್ಟರೆ ಪುಸ್ತಕ ಓದುವಾಗ ಕಣ್ಣು ಅದಕ್ಕೆ ಹೊಂದುವುದನ್ನಷ್ಟೇ ಹುಡುಕುತ್ತದೆ. ಪುಸ್ತಕ ಓದಿ ಹೋದರೆ ಪ್ರಶ್ನೆಯೇ ಬೇರೆಯಾಗುತ್ತದೆ. "ಅಂಗಡಿ ಯಾವಾಗ ಶುರುವಾಯಿತು?" ಎಂದರೆ ಒಂದು ವಾಕ್ಯದ ಉತ್ತರ ಬರುತ್ತದೆ. "ಈ ಒಂದೇ ತಿಂಗಳಲ್ಲಿ ಇಷ್ಟೊಂದು ಬೆಂಚು ಯಾರಿಗೆ ಹೋದವು?" ಎಂದರೆ ಅರ್ಧ ಗಂಟೆಯ ಮಾತು ಹೊರಬರುತ್ತದೆ.

ಹುಡುಕಬೇಕಾದ ಕಾಗದಗಳು ಇವು: ದಿನವಹಿ, ಉದ್ರಿ ಖಾತೆ, ಬಿಲ್ ಪುಸ್ತಕದ ಕಾರ್ಬನ್ ಪ್ರತಿ, ಮರ ಕೊಂಡ ರಸೀದಿ, ಕೂಲಿ ಬರೆದ ಪುಸ್ತಕ. ಇವುಗಳ ಜೊತೆಗೆ ಯಾರೂ ಕಾಗದವೆಂದು ಎಣಿಸದ ಒಂದು ದಾಖಲೆ ಕೆಲಸದ ಕೋಣೆಯಲ್ಲೇ ಇರುತ್ತದೆ: ಗೋಡೆಗೆ ತೂಗುಹಾಕಿದ ಮಾದರಿ ಹಲಗೆಗಳು. ಕುರ್ಚಿಯ ಹಿಂಗಾಲಿನ ಬಾಗು, ಮಂಚದ ತಲೆಭಾಗದ ಆಕಾರ, ಕೈಯಾಸರೆಯ ತಿರುವು ಎಲ್ಲವನ್ನೂ ತೆಳು ಹಲಗೆಯಲ್ಲಿ ಕತ್ತರಿಸಿ ಇಟ್ಟಿರುತ್ತಾರೆ. ಅವುಗಳ ಬೆನ್ನಿನ ಮೇಲೆ ಪೆನ್ಸಿಲ್‌ನಲ್ಲಿ ಅಳತೆ, ಗಿರಾಕಿಯ ಹೆಸರು, ಕೆಲವೊಮ್ಮೆ ತಾರೀಕು ಸಿಗುತ್ತದೆ. ಕೋಣೆ ಗುಡಿಸುವಾಗ ಮೊದಲು ಒಲೆ ಸೇರುವುದೂ ಇವೇ. ಹಾಗಾಗಿ ಮೊದಲ ದಿನವೇ ಇವುಗಳ ಫೋಟೋ ತೆಗೆದು, ನಂಬರು ಹಾಕಿ, ಒಣ ಜಾಗಕ್ಕೆ ಸೇರಿಸಬೇಕು.

ಅಟ್ಟದಿಂದ ಇಳಿಸಿದ ಪುಸ್ತಕವನ್ನು ತಕ್ಷಣ ಬಿಚ್ಚಬಾರದು. ಬೂಷ್ಟು ಹಿಡಿದಿದ್ದರೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಪೂರ್ತಿ ಒಣಗಿಸಿ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್‌ನಿಂದ ಹೊರಮುಖವಾಗಿ ಗುಡಿಸಬೇಕು. ಒದ್ದೆ ಬಟ್ಟೆ ತಾಗಿಸಿದರೆ ಶಾಯಿ ಹರಡುತ್ತದೆ. ಹುಳು ಓಡಾಡುತ್ತಿದ್ದರೆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಮೇಲೂ 24 ಗಂಟೆ ಚೀಲ ಬಿಚ್ಚಬಾರದು. ಅವಸರಪಟ್ಟರೆ ಗಾಳಿಯ ತೇವ ತಣ್ಣನೆಯ ಕಾಗದದ ಮೇಲೆ ನೀರಾಗಿ ಕೂರುತ್ತದೆ. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ, ಕಾಲು ಬಿಡಿಸಿ ತೆಗೆಯಬೇಕು. ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಬಿಡಿಸಲಾಗದು.

ಫೋಟೋ ತೆಗೆಯುವ ಮುಂಚೆ ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಪುಟಸಂಖ್ಯೆ ಬರೆದೆ. ಕ್ಯಾಮೆರಾ ಹಾಳೆಗೆ ಸಮಾನಾಂತರವಾಗಿರಬೇಕು, ಎರಡು ದೀಪ ಎಡಬಲದಿಂದ 45 ಡಿಗ್ರಿಯಲ್ಲಿ ಬೀಳಬೇಕು. ಕಾರ್ಬನ್ ಪ್ರತಿಯ ಹಾಳೆ ತೆಳು, ಕೆಳಗಿನ ಹಾಳೆಯ ಬರಹ ಮೇಲಕ್ಕೆ ಇಣುಕುತ್ತದೆ. ಅದಕ್ಕೆ ಅಡಿಯಲ್ಲಿ ಒಂದು ದಪ್ಪ ಬಿಳಿ ಕಾಗದ ಸೇರಿಸಿದರೆ ಸಾಕು. ಸ್ಕ್ಯಾನರ್ ಬಳಸುವುದಾದರೆ ಲೆಕ್ಕದ ಹಾಳೆಗೆ 300ರಿಂದ 400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಹಳೆಯ ಫೋಟೋಗೆ 600. ಕಡತದ ಹೆಸರು ವರ್ಷದಿಂದ ಶುರುವಾಗಲಿ, ಪುಟಕ್ಕೆ ಮೂರು ಅಂಕಿ ಇರಲಿ: 042, 107 ಎಂಬಂತೆ. ಬರೇ 2, 10 ಎಂದು ಬರೆದರೆ ಎಷ್ಟೋ ಯಂತ್ರಗಳು 10ನ್ನು 2ಕ್ಕಿಂತ ಮುಂಚೆ ಜೋಡಿಸುತ್ತವೆ. ಎಲ್ಲಕ್ಕಿಂತ ಅವಸರದ್ದು ಇತ್ತೀಚಿನ ಬಿಲ್ಲುಗಳು. ಯಂತ್ರದಿಂದ ಹೊರಬರುವ ನುಣುಪು ಕಾಗದದ ಬಿಲ್ಲು ಶಾಖದಿಂದ ಮುದ್ರಣವಾದದ್ದು. ಬಿಸಿಲು ಬಿದ್ದರೂ ಪಿವಿಸಿ ಕವರಿನಲ್ಲಿಟ್ಟರೂ ಅಕ್ಷರ ಮಾಸುತ್ತದೆ. ಅಜ್ಜನ ಕಾಲದ ಶಾಯಿ ಉಳಿದು, ಹತ್ತು ವರ್ಷದ ಹಿಂದಿನ ಬಿಲ್ಲು ಖಾಲಿಯಾಗಿರುವುದು ಇದೇ ಕಾರಣಕ್ಕೆ.

ಓದುವಾಗ ಮೊದಲ ಎಡವಟ್ಟು ಆಗುವುದು ಮೊದಲ ಪುಟದಲ್ಲೇ. ಸಿಕ್ಕ ಹಳೆಯ ಪುಸ್ತಕದ ವರ್ಷವನ್ನೇ ಅಂಗಡಿಯ ಹುಟ್ಟಿದ ವರ್ಷ ಎಂದು ಬರೆದುಬಿಡುತ್ತಾರೆ. ಆ ಪುಟದ ಮೇಲುಸಾಲನ್ನು ನೋಡಬೇಕು. "ಹಿಂದಿನ ಪುಸ್ತಕದಿಂದ ತಂದ ಬಾಕಿ" ಎಂದಿದ್ದರೆ ಅದಕ್ಕೂ ಮುಂಚೆ ಒಂದು ಪುಸ್ತಕ ಇತ್ತು, ಅಂಗಡಿ ಇನ್ನೂ ಹಳೆಯದು. ಬಾಕಿ ಇಲ್ಲದೆ ಬಂಡವಾಳ, ಉಳಿ, ಗರಗಸ, ಹತ್ತರಿ, ಮರ ಎಂಬ ಖರ್ಚುಗಳಿಂದ ಶುರುವಾಗಿದ್ದರೆ ಅದು ನಿಜವಾದ ಆರಂಭಕ್ಕೆ ಹತ್ತಿರ. ಲೆಕ್ಕದ ವರ್ಷ ಜನವರಿಗೆ ಶುರುವಾಗದೇ ಇರಬಹುದು. ಹಾಗಾಗಿ ಒಂದೇ ವರ್ಷ ಬರೆಯದೆ 1967-68 ಎಂಬಂತೆ ಜೋಡಿಯಾಗಿ ಬರೆದುಕೊಂಡರೆ ಮುಂದೆ ಒಂದು ವರ್ಷದ ತಪ್ಪು ನುಸುಳುವುದಿಲ್ಲ.

ಎಲ್ಲ ಪುಟಗಳನ್ನೂ ಪಟ್ಟಿ ಮಾಡಲು ಒಬ್ಬರಿಂದ ಆಗದು. ಪ್ರತಿ ಐದನೇ ವರ್ಷಕ್ಕೆ ಮೂರು ತಿಂಗಳು ಆರಿಸಿದೆ: ವ್ಯಾಪಾರ ಜೋರಾಗಿರುವ ಒಂದು, ಮಂದವಾಗಿರುವ ಒಂದು, ನಡುವಿನದೊಂದು. ಎಲ್ಲ ವರ್ಷಕ್ಕೂ ಅದೇ ಮೂರು ತಿಂಗಳು. ಒಂದು ವರ್ಷದ ಜೋರಿನ ತಿಂಗಳನ್ನು ಇನ್ನೊಂದು ವರ್ಷದ ಮಂದ ತಿಂಗಳಿಗೆ ಹೋಲಿಸಿದರೆ ಇಲ್ಲದ ಏಳುಬೀಳು ಕಾಣುತ್ತದೆ. ಪಟ್ಟಿಯಲ್ಲಿ ಎಂಟು ಕಾಲಮ್: ತಾರೀಕು, ಸಾಮಾನು, ಎಣಿಕೆ, ಮರದ ಜಾತಿ, ಮೊತ್ತ, ರೋಖವೋ ಉದ್ರಿಯೋ, ಊರಿನ ಯಾವ ಭಾಗಕ್ಕೆ ಹೋಯಿತು, ಹೊಸದೋ ರಿಪೇರಿಯೋ. ಕೊನೆಯ ಕಾಲಮ್ ಬಿಡಬೇಡಿ. ರಿಪೇರಿ ಸಾಲುಗಳು ಕಡಿಮೆಯಾಗುತ್ತ ಬಂದ ಕಾಲವೇ ಜನ ಹಳೆಯದನ್ನು ಎಸೆದು ಹೊಸದು ಕೊಳ್ಳತೊಡಗಿದ ಕಾಲ.

ಹಳೆಯ ಬೆಲೆಯನ್ನು ಇಂದಿನ ಹಣಕ್ಕೆ ಪರಿವರ್ತಿಸಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಬರೆದ ಅಂಕಿ ಓದುಗರನ್ನು ಬೆರಗುಗೊಳಿಸುತ್ತದೆಯೇ ಹೊರತು ಏನನ್ನೂ ತಿಳಿಸುವುದಿಲ್ಲ. ಅದೇ ಪುಸ್ತಕದಲ್ಲಿ, ಅದೇ ವರ್ಷದಲ್ಲಿ ಬಡಗಿಯ ದಿನಗೂಲಿ ಇರುತ್ತದೆ. ಮಂಚದ ಬೆಲೆಯನ್ನು ಆ ಕೂಲಿಯಿಂದ ಭಾಗಿಸಿ "ಇಷ್ಟು ದಿನದ ಕೂಲಿ" ಎಂದು ಬರೆದರೆ ಯಾವ ಕಾಲದವರಿಗೂ ಅರ್ಥವಾಗುತ್ತದೆ, ಒಂದು ದಶಕವನ್ನು ಇನ್ನೊಂದರ ಪಕ್ಕ ಇಡಲೂ ಬರುತ್ತದೆ.

ಮರದ ಲೆಕ್ಕವೇ ಈ ಕೆಲಸದ ತಿರುಳು. ದಿನವಹಿಯಲ್ಲಿ ಮಾರಾಟ ಬಿಟ್ಟುಹೋಗಿರಬಹುದು, ಆದರೆ ಮರ ಕೊಂಡ ರಸೀದಿಯನ್ನು ಅಂಗಡಿಯವರು ಜೋಪಾನ ಮಾಡಿರುತ್ತಾರೆ. ಘನ ಅಡಿ ತೆಗೆಯುವ ಸೂತ್ರ ಹೀಗೆ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸುವುದು. ಒಬ್ಬರು ಮಲಗುವ ಸಾದಾ ಮಂಚದ ಚೌಕಟ್ಟನ್ನು ತೆಗೆದುಕೊಳ್ಳಿ. 3 ಇಂಚು ಚೌಕದ, ಎರಡೂವರೆ ಅಡಿ ಎತ್ತರದ ನಾಲ್ಕು ಕಾಲು: 0.625 ಘನ ಅಡಿ. ಆರೂವರೆ ಅಡಿ ಉದ್ದ, 5 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಎರಡು ಉದ್ದಪಟ್ಟಿ: 0.677. ಅದೇ ಅಗಲ, ಅದೇ ದಪ್ಪದ, ಮೂರೂವರೆ ಅಡಿಯ ಎರಡು ಅಡ್ಡಪಟ್ಟಿ: 0.365. ಒಟ್ಟು 1.667. ಗರಗಸದ ಬಾಯಿಗೆ, ಹತ್ತರಿಗೆ, ಗಂಟು ಸೀಳಿಗೆ ಹೋಗುವುದು ನೂರಕ್ಕೆ 20 ಎಂದು ಹಿಡಿದರೆ ಮಂಚವೊಂದಕ್ಕೆ 2 ಘನ ಅಡಿ. ಮೇಲೆ ಹಾಸುವ ಹಲಗೆ, ತಲೆಭಾಗದ ಹಲಗೆ ಬೇರೆ.

ಈಗ ಆ ವರ್ಷ ಕೊಂಡ ಮರವನ್ನೂ ಬಿಲ್ಲಿನಲ್ಲಿ ಕಾಣುವ ಸಾಮಾನಿನ ಮರವನ್ನೂ ಪಕ್ಕಪಕ್ಕ ಇಡಿ. ಕೊಂಡದ್ದು ಬಹಳ ಹೆಚ್ಚಾಗಿದ್ದರೆ "ಬರೆಯದ ಮಾರಾಟ" ಎಂದು ತೀರ್ಮಾನಿಸುವ ಮುಂಚೆ ಮೂರು ಕಾರಣ ನೋಡಬೇಕು. ಹಸಿ ಮರ ಕೊಂಡು ಒಣಗಲು ಪೇರಿಸಿಟ್ಟಿರಬಹುದು. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸುವುದು ಬಡಗಿಗಳ ಹಳೆಯ ರೂಢಿ, ಹಾಗಾಗಿ ಈ ವರ್ಷದ ಮರ ಮುಂದಿನ ವರ್ಷದ ಕುರ್ಚಿಯಾಗುತ್ತದೆ. ದಿಮ್ಮಿಯ ಅಳತೆಯಲ್ಲಿ ಕೊಂಡಿದ್ದರೆ ತೊಗಟೆ, ಅಂಚು ಕಳೆದ ಮೇಲೆ ಹಲಗೆಯಾಗಿ ಸಿಗುವುದು ಬಹಳ ಕಡಿಮೆ. ಮೂರನೆಯದು ಬಾಗಿಲು, ಕಿಟಕಿ. ಮರ ಏರಿ, ಮಂಚ ಮೇಜು ಏರದೇ ಇದ್ದರೆ ಆ ವರ್ಷ ಅಂಗಡಿ ಬಾಗಿಲಿನ ಚೌಕಟ್ಟು ಮಾಡುತ್ತಿತ್ತು, ಎಂದರೆ ಊರಿನಲ್ಲಿ ಮನೆಗಳು ಏಳುತ್ತಿದ್ದವು. ಹಳ್ಳಿ ಬೆಳೆದದ್ದನ್ನು ಇಷ್ಟು ನೇರವಾಗಿ ಹೇಳುವ ಸಾಲು ಅಂಗಡಿಯ ಲೆಕ್ಕದಲ್ಲಿ ಬೇರೊಂದಿಲ್ಲ. ಚೌಕಟ್ಟು ಹೋದ ಬೀದಿಗಳನ್ನು ಹತ್ತು ವರ್ಷಕ್ಕೊಂದು ಬಣ್ಣದಂತೆ ನಕ್ಷೆಯ ಮೇಲೆ ಗುರುತು ಹಾಕಿದರೆ ಊರು ಯಾವ ದಿಕ್ಕಿಗೆ ಹಬ್ಬಿತು ಎಂಬುದು ಕಣ್ಣಿಗೆ ಕಾಣುತ್ತದೆ. ಬೀದಿಯ ಹೆಸರು ಬದಲಾಗಿರುತ್ತದೆ, ಹಳೆಯ ಹೆಸರನ್ನೂ ಹೊಸದನ್ನೂ ಜೋಡಿಸಿದ ಪಟ್ಟಿ ಮೊದಲೇ ಬೇಕು.

ಉದ್ರಿ ಖಾತೆಯ ಸಾಕ್ಷಿಯೂ ಕಡಿಮೆಯದಲ್ಲ. ಬಾಕಿ ತೀರುವ ತಾರೀಕುಗಳು ಸುಗ್ಗಿಯ ನಂತರ ಗುಂಪಾಗಿದ್ದರೆ ಗಿರಾಕಿಗಳು ಬೇಸಾಯದವರು. ತಿಂಗಳ ಮೊದಲ ವಾರದಲ್ಲಿ ಸಣ್ಣ ಕಂತುಗಳು ಕಾಣತೊಡಗಿದರೆ ಊರಿಗೆ ಸಂಬಳ ಬಂತು ಎಂದರ್ಥ. ಖಾತೆಯಲ್ಲಿರುವ ಹೆಸರುಗಳನ್ನು ಮಾತ್ರ ಎಲ್ಲೂ ಅಚ್ಚು ಹಾಕಬಾರದು. ತೀರದ ಸಾಲವೊಂದು ಮೊಮ್ಮಕ್ಕಳ ಕಾಲಕ್ಕೂ ನೋವು ಕೊಡುತ್ತದೆ.

ಅಂಗಡಿ "ಮಾಡುವುದು" ಬಿಟ್ಟು "ಮಾರುವುದು" ಹಿಡಿದದ್ದು ಒಂದೇ ದಿನ ನಡೆಯುವುದಿಲ್ಲ, ಆದರೆ ಲೆಕ್ಕದಲ್ಲಿ ಗುರುತು ಬಿಡುತ್ತದೆ. ಮರಳುಕಾಗದ, ಅರಗು, ಸ್ಪಿರಿಟ್ ಕೊಳ್ಳುವ ಸಾಲು ತೆಳುವಾಗುತ್ತದೆ, ಕೂಲಿಯ ಪುಸ್ತಕ ನಿಲ್ಲುತ್ತದೆ, ಸಾಗಣೆ ಬಾಡಿಗೆ ದೊಡ್ಡದಾಗುತ್ತದೆ. ಪ್ಲಾಸ್ಟಿಕ್ ಕುರ್ಚಿ ಬಂದ ವರ್ಷ ವಿಶೇಷವಾಗಿ ನೋಡಬೇಕು. ಒಂದೇ ಅಚ್ಚಿನಲ್ಲಿ ಹೊರಬರುವ ಈ ಕುರ್ಚಿಯ ವಂಶದ ಪ್ರಸಿದ್ಧ ಹಿರಿಯ 1972ರಲ್ಲಿ ಫ್ರಾನ್ಸಿನ ಆನ್ರಿ ಮಾಸೊನೆ ರೂಪಿಸಿದ ಫೋತೈ 300. ಅದರ ಅಗ್ಗದ ಸಂತತಿ ಅಂಗಡಿಗೆ ಬಂದ ಮೇಲೆ ಮರದ ಸ್ಟೂಲು, ಬೆಂಚು ಎಷ್ಟು ಬೇಗ ಇಳಿದವು ಎಂದು ಎಣಿಸಿದರೆ ಆ ಅಧ್ಯಾಯ ಬರೆಯುವುದು ಕಷ್ಟವಲ್ಲ.

ಇನ್ನು ಸಾಮಾನಿನ ಸರದಿ. ಅಂಗಡಿಯಲ್ಲಿ ತಯಾರಾದದ್ದು ಎಂದು ಮನೆಯವರು ತೋರಿಸುವ ಮೇಜನ್ನು ತಿರುವಿ ಹಾಕಿ ಕೆಳಗಿನಿಂದ ಓದಬೇಕು. ಹಲಗೆಯ ಅಡಿಯಲ್ಲಿ ಬಾಗಿದ ಗೀರುಗಳಿದ್ದರೆ ದುಂಡು ಗರಗಸ, ನೇರವಾದ ಸಮ ಅಂತರದ ಗೀರುಗಳಿದ್ದರೆ ಪಟ್ಟಿ ಗರಗಸ, ನೇರವಾಗಿದ್ದೂ ಅಂತರ ಏರುಪೇರಾಗಿದ್ದರೆ ಕೈಯಿಂದ ಕೊಯ್ದದ್ದು. ಸ್ಟಾರ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡುವ ಎಂಡಿಎಫ್ ಹಲಗೆ ಕಾರ್ಖಾನೆಯಿಂದ ಹೊರಬಂದದ್ದು 1960ರ ದಶಕದಲ್ಲಿ. ಕೂಡಿಕೆಯಲ್ಲಿ ಕಂದು ಬಣ್ಣದ, ಗಾಜಿನಂತೆ ಪುಡಿಯಾಗುವ ಅಂಟಿದ್ದರೆ ಚರ್ಮ, ಮೂಳೆ ಕುದಿಸಿ ಮಾಡಿದ್ದು. ರಬ್ಬರಿನಂತೆ ಎಳೆಯಾಗುವ ಬಿಳಿಯ ಅಂಟು ಎರಡನೇ ಮಹಾಯುದ್ಧದ ನಂತರ ಹರಡಿದ್ದು. ಪಾಲಿಶ್ ತಿಳಿಯಲು ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಬೇಕು. ಅರಗಿನ ಪಾಲಿಶ್ ಅಂಟಂಟಾಗುತ್ತದೆ. ಲ್ಯಾಕರ್‌ಗೆ ಥಿನ್ನರ್ ಬೇಕು. ಪಾಲಿಯುರೆಥೇನ್ ಎರಡಕ್ಕೂ ಕರಗದು. ದುಂಡು ಮೇಜಾದರೆ ಟೇಪು ಹಿಡಿದು ಎರಡು ಕಡೆ ಅಳೆಯಿರಿ. ಮರ ನಾರಿನ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುವುದೇ ಹೆಚ್ಚು. ಹಳೆಯ ದುಂಡು ಹಲಗೆ ಅಡ್ಡಕ್ಕೆ ಕೆಲವು ಮಿಲಿಮೀಟರ್ ಕಿರಿದಾಗಿರುತ್ತದೆ.

ಇವೆಲ್ಲ ಹೇಳುವುದು "ಇದಕ್ಕಿಂತ ಮುಂಚಿನದಲ್ಲ" ಎಂಬುದನ್ನು ಮಾತ್ರ. ಹಳೆಯ ತೊಲೆ ಸೀಳಿ ಹೊಸ ಮೇಜು ಮಾಡುವುದು ಬಡಗಿಗಳಿಗೆ ಹೊಸದಲ್ಲ, ಹಳೆಯ ಮೇಜಿಗೆ ಹೊಸ ಸ್ಕ್ರೂ ಹಾಕುವುದಂತೂ ದಿನದ ಕೆಲಸ. ಸ್ಕ್ರೂ ಬಿಚ್ಚಿ ತೂತಿನ ಪಕ್ಕ ಇನ್ನೊಂದು ಮುಚ್ಚಿದ ತೂತು ಇದೆಯೇ ನೋಡಿ. ಇದ್ದರೆ ಆ ಸ್ಕ್ರೂ ರಿಪೇರಿಯದು, ಅದರ ಕಾಲವನ್ನು ಮೇಜಿಗೆ ಹಚ್ಚಬಾರದು. ಮೂಲದಲ್ಲೇ ಇದ್ದ ಭಾಗಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ ಅದೇ ಮೇಜಿನ ವಯಸ್ಸಿನ ಮಿತಿ.

ಆಮೇಲೆ ಮಾತು. ಬರಿಗೈಯಲ್ಲಿ ಹೋಗದೆ ಮಾದರಿ ಹಲಗೆಯನ್ನೋ ಬಿಲ್ಲಿನ ಪ್ರತಿಯನ್ನೋ ಕೈಗೆ ಕೊಟ್ಟು ಕೇಳಿದೆ. ಹಿರಿಯರಿಗೆ ವರ್ಷ ನೆನಪಿರುವುದಿಲ್ಲ, ಕ್ರಮ ನೆನಪಿರುತ್ತದೆ: ಕರೆಂಟು ಬರುವ ಮುಂಚೆಯೋ ಆಮೇಲೋ, ದೊಡ್ಡ ಮಗ ಹುಟ್ಟಿದ್ದನೋ ಇಲ್ಲವೋ. ಒಂದು ಕೂರಿಕೆ 45 ನಿಮಿಷ ಮೀರದಿರಲಿ, ಫ್ಯಾನು ಆರಿಸಿರಲಿ, ಗರಗಸ ನಿಂತಿರಲಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕು ಗಂಟೆಗೆ ಕಡಿಮೆ ಹಿಡಿಯುವುದಿಲ್ಲ. ಮುಖ್ಯವಾಗಿ, ಕೂಲಿಗೆ ದುಡಿದ ಬಡಗಿಗಳನ್ನೂ ಮನೆಯ ಹೆಂಗಸರನ್ನೂ ಕೇಳಬೇಕು. ಪಾಲಿಶ್ ಉಜ್ಜಿದವರು, ಕುರ್ಚಿಗೆ ಬೆತ್ತ ಹೆಣೆದವರು, ಉದ್ರಿ ನೆನಪಿಟ್ಟವರು ಅನೇಕ ಅಂಗಡಿಗಳಲ್ಲಿ ಅವರೇ. ಆದರೂ ಕೂಲಿಯ ಪುಸ್ತಕದಲ್ಲಿ ಮನೆಯವರ ಹೆಸರು ಇರುವುದಿಲ್ಲ. ಅಣ್ಣತಮ್ಮಂದಿರ ಪಾಲಿನ ವಿಷಯದಲ್ಲಿ ಎರಡು ಮಾತು ಬಂದರೆ ಎರಡನ್ನೂ ಪಕ್ಕಪಕ್ಕ ಬರೆದು, ಪಾಲುಪತ್ರದಲ್ಲಿ ಇರುವುದನ್ನಷ್ಟೇ ನನ್ನ ಮಾತಾಗಿ ಸೇರಿಸಿದೆ.

ಪ್ರತಿ ತಾರೀಕಿನ ಮುಂದೆ ಒಂದು ಗುರುತು ಇಟ್ಟೆ: ಪುಸ್ತಕದಿಂದ ಬಂದದ್ದಕ್ಕೆ "ಪು", ಸಾಮಾನಿನಿಂದ ಬಂದದ್ದಕ್ಕೆ "ಸಾ", ಮಾತಿನಿಂದ ಬಂದದ್ದಕ್ಕೆ "ಮಾ". ಎರಡು ಗುರುತು ಸಿಕ್ಕ ತಾರೀಕು ನೇರ ವಾಕ್ಯವಾಗುತ್ತದೆ, ಒಂದೇ ಇದ್ದದ್ದು "ಸುಮಾರು" ಎಂದು ಹೋಗುತ್ತದೆ. ಕರಡನ್ನು ಅಚ್ಚಿಗೆ ಕೊಡುವ ಮುಂಚೆ ಬಲಗಡೆ ಮೂರು ಇಂಚು ಖಾಲಿ ಬಿಟ್ಟು ನಾಲ್ಕು ಪ್ರತಿ ತೆಗೆಸಿ, ಮಾತು ಕೊಟ್ಟವರ ಮನೆಗಳಿಗೆ ಪೆನ್ಸಿಲ್ ಸಹಿತ ಕೊಟ್ಟೆ. ಸ್ಕ್ಯಾನ್ ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಮೂಲ ಪುಸ್ತಕಗಳು ನೆಲದಿಂದ ಒಂದು ಅಡಿ ಮೇಲೆ, ಗೋಡೆಗೆ ತಾಗದಂತೆ ಇಟ್ಟ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿವೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಪುಟಗಳ ಪಟ್ಟಿಯೂ ಸಂಕ್ಷೇಪಾಕ್ಷರಗಳ ಕೀಲಿಯೂ ಅಂಟಿಸದೆ, ದಾರದಿಂದ ಕಟ್ಟಿ ಇಟ್ಟಿದೆ.