ಎಂಟು ಕೋನ, ಎರಡೇ ಅಳತೆ

ಸಮಾಂತರ ರೇಖೆಗಳ ಪಾಠವನ್ನು ನಾನು ಹೆಸರುಗಳಿಂದ ಶುರು ಮಾಡುವುದಿಲ್ಲ. ಅನುರೂಪ, ಪರ್ಯಾಯ, ಒಳಕೋನ ಅಂತ ಮೊದಲೇ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡಿ ಸುಮ್ಮನಾಗುತ್ತಾರೆ. ಮೊದಲು ಚಿತ್ರ. ಎರಡು ಸಮಾಂತರ ರೇಖೆ, ಅವನ್ನು ಓರೆಯಾಗಿ ಕತ್ತರಿಸುವ ಒಂದು ಛೇದಕ. ಎಂಟು ಕೋನ ಬರುತ್ತವೆ. ಎಷ್ಟು ಬಗೆಯ ಅಳತೆ ಇದೆ ಅಂತ ಅಳೆಯಲು ಬಿಡುತ್ತೇನೆ. ಒಂದು ಡಿಗ್ರಿ ಆಚೀಚೆ ಆಗುತ್ತದೆ, ಪರವಾಗಿಲ್ಲ. ಎರಡೇ ಅಳತೆ ಅಂತ ಬೇಗ ಗೊತ್ತಾಗುತ್ತದೆ. ಒಂದು 65 ಆದರೆ ಇನ್ನೊಂದು 115. ಛೇದಕ ಲಂಬವಾಗಿದ್ದರೆ ಮಾತ್ರ ಎಂಟೂ 90.

ಯಾಕೆ ಹೀಗೆ? ಇದಕ್ಕೆ ಟ್ರೇಸಿಂಗ್ ಪೇಪರ್ ಬೇಕು. ಮೇಲಿನ ನಾಲ್ಕು ಕೋನಗಳನ್ನು ಅದರಲ್ಲಿ ಎಳೆದುಕೊಂಡು, ಹಾಳೆಯನ್ನು ಛೇದಕದ ಗುಂಟ ಜಾರಿಸಿದರೆ ಕೆಳಗಿನ ನಾಲ್ಕರ ಮೇಲೆ ಸರಿಯಾಗಿ ಕೂರುತ್ತವೆ. ಅನುರೂಪ ಕೋನಗಳು ಸಿಕ್ಕವು. ಪರ್ಯಾಯ ಕೋನಕ್ಕೆ, ಅಂದರೆ ಎರಡು ರೇಖೆಗಳ ನಡುವೆ, ಒಂದೊಂದು ಛೇದನ ಬಿಂದುವಿನಲ್ಲಿ ಒಂದರಂತೆ, ಛೇದಕದ ಆಚೆ ಈಚೆ ಬರುವ ಜೋಡಿಗೆ, ಜಾರಿಸುವುದಲ್ಲ, ತಿರುಗಿಸುವುದು. ಇಡೀ ಚಿತ್ರ ಎಳೆದುಕೊಂಡು, ಎರಡು ಛೇದನ ಬಿಂದುಗಳ ನಟ್ಟನಡುವೆ ಪೆನ್ಸಿಲ್ ಮೊನೆ ಊರಿ ಅರ್ಧ ಸುತ್ತು ತಿರುಗಿಸಿದರೆ ಚಿತ್ರ ಮತ್ತೆ ತನ್ನ ಮೇಲೇ ಕೂರುತ್ತದೆ. ಒಂದೇ ಬದಿಯ ಒಳಕೋನಗಳು ಕೂಡಿ 180 ಆಗುವುದಕ್ಕೆ ಹೊಸ ನಿಯಮವೇ ಬೇಡ, ಸರಳಯುಗ್ಮ ಸಾಕು: ಒಂದು ನೇರ ಗೆರೆಯ ಮೇಲೆ ಅಕ್ಕಪಕ್ಕ ಕೂತ ಎರಡು ಕೋನ ಕೂಡಿದರೆ 180.

ನಾನು ಜಾಸ್ತಿ ಹೊತ್ತು ನಿಲ್ಲುವುದು ಇದರ ನಂತರ. ಕೆಳಗಿನ ರೇಖೆಯನ್ನು ಸ್ವಲ್ಪ ವಾಲಿಸಿ ಅದೇ ಪ್ರಶ್ನೆ ಕೇಳುತ್ತೇನೆ. ಅನುರೂಪ ಕೋನಗಳು ಈಗಲೂ ಇವೆಯಾ? ಇವೆ. ಸಮವಾ? ಅಲ್ಲ. ಕೋನ ಎಲ್ಲಿದೆ ಎನ್ನುವುದು ಛೇದಕದಿಂದ ಬರುತ್ತದೆ, ಸಮ ಎನ್ನುವುದು ಸಮಾಂತರದಿಂದ ಬರುತ್ತದೆ. ಇದು ತಲೆಗೆ ಹೋಗದಿದ್ದರೆ, ಪರ್ಯಾಯ ಕೋನ ಕಂಡಲ್ಲೆಲ್ಲ ಸಮ ಅಂತ ಬರೆದುಬಿಡುತ್ತಾರೆ. ಶೃಂಗಾಭಿಮುಖ ಕೋನಗಳಿಗೆ, ಅಂದರೆ ಒಂದೇ ಛೇದನ ಬಿಂದುವಿನಲ್ಲಿ ಎದುರುಬದುರಾಗಿರುವ ಕೋನಗಳಿಗೆ, ಈ ಗೋಜಿಲ್ಲ, ಅವು ಯಾವಾಗಲೂ ಸಮ.

ವಿಲೋಮವನ್ನೂ, ಅಂದರೆ ತಿರುವಿ ಹೇಳಿದ ಮಾತನ್ನೂ, ಬೇರೆಯಾಗಿಯೇ ಹೇಳುತ್ತೇನೆ. ಪರ್ಯಾಯ ಕೋನಗಳು ಸಮವಾದರೆ ರೇಖೆಗಳು ಸಮಾಂತರ ಅನ್ನುವುದು ಒಂದು ಮಾತು, ರೇಖೆಗಳು ಸಮಾಂತರವಾದರೆ ಆ ಕೋನಗಳು ಸಮ ಅನ್ನುವುದು ಇನ್ನೊಂದು. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನ ಮೊದಲ ಪುಸ್ತಕದಲ್ಲಿ ಮೊದಲನೆಯದನ್ನು 27ನೇ ಪ್ರಮೇಯವಾಗಿ, ಐದನೇ ಆಧಾರ ಪ್ರತಿಜ್ಞೆ (ಸಮಾಂತರ ರೇಖೆಗಳ ಬಗ್ಗೆ ಸಾಧಿಸದೆ ಒಪ್ಪಿಕೊಂಡ ಮಾತು) ಮುಟ್ಟದೆಯೇ ಸಾಧಿಸಿದ. ಎರಡನೆಯದಕ್ಕೆ, ಅಂದರೆ 29ಕ್ಕೆ ಬಂದಾಗ, ಆ ಪ್ರತಿಜ್ಞೆಯನ್ನು ಮೊದಲ ಸಲ ಬಳಸಲೇಬೇಕಾಯಿತು. ಎರಡೂ ಒಂದೇ ಅನ್ನುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಸಿಕ್ಕಿಲ್ಲ.

ಕೊನೆಗೆ ನನಗೆ ತುಂಬಾ ಇಷ್ಟದ ಲೆಕ್ಕ. ಈ ಸಲ ಛೇದಕ ನೇರವಾಗಿಲ್ಲ, ಎರಡು ಸಮಾಂತರ ರೇಖೆಗಳ ನಡುವೆ ಒಂದು ಕಡೆ ಮುರಿದು ಬಾಗಿದೆ. ಬಾಗು ಎಡಕ್ಕೆ ಚಾಚಿದೆ. ಛೇದಕದ ಎಡಗಡೆ, ಮೇಲಿನ ರೇಖೆಯೊಂದಿಗೆ 35, ಕೆಳಗಿನದರೊಂದಿಗೆ 48 ಡಿಗ್ರಿ. ಬಾಗಿನ ಒಳಕೋನ ಎಷ್ಟು? ಕೊಟ್ಟ ಚಿತ್ರವನ್ನೇ ದಿಟ್ಟಿಸಿದರೆ ಏನೂ ಹೊಳೆಯುವುದಿಲ್ಲ. ಬಾಗಿನ ಬಿಂದುವಿನ ಮೂಲಕ ಮೂರನೇ ಸಮಾಂತರ ರೇಖೆ ಎಳೆದರೆ ಕೋನ ಎರಡು ತುಂಡಾಗುತ್ತದೆ. ಎರಡೂ ಪರ್ಯಾಯ ಕೋನಗಳು, ಹಾಗಾಗಿ 35 ಮತ್ತು 48 ಕೂಡಿ 83. ಆ ರೇಖೆ ಎಳೆಯಲು ಯಾರಾದರೂ ತಾವಾಗಿ ಎದ್ದು ಬರುವ ತನಕ ನಾನು ಬಾಯಿ ಬಿಡುವುದಿಲ್ಲ. ಬಂದ ಮೇಲೆ, ಬಿಂದುವನ್ನು ಎರಡೂ ರೇಖೆಗಳಿಂದ ಹೊರಗೆ ಎಳೆದು ಮತ್ತೆ ಕೇಳುತ್ತೇನೆ. ಅಲ್ಲಿ ಕೂಡುವುದಲ್ಲ, ಕಳೆಯಬೇಕು.